ಬಿಸಿ ನೋಡುವ ಕೈ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಕಪ್ಪಗಿದ್ದವು. ಸಿಲ್ವರ್ ನೈಟ್ರೇಟ್ ತಗುಲಿದರೆ ಚರ್ಮ ಕಪ್ಪಾಗುತ್ತದೆ. ನಮಗಾದರೆ ವಾರದಲ್ಲಿ ಹೋಗುತ್ತಿತ್ತು. ವರ್ಷಗಟ್ಟಲೆ ಅದೇ ಬಾಟಲಿ ತುಂಬಿಸಿದ ಅವರ ಬೆರಳಿಗೆ ಅದೇ ಬಣ್ಣ ಉಳಿದುಬಿಟ್ಟಿತ್ತು. ಜಯನಗರದ ನಮ್ಮ ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ಅವರು. ಅಷ್ಟು ವರ್ಷವಾದರೂ ಗುತ್ತಿಗೆ ನೌಕರ. ನಮಗೆಲ್ಲ ಲ್ಯಾಬಣ್ಣ.

ಬೆಂಗಳೂರಿನಲ್ಲಿ ಐಸ್ ಸ್ಕೇಟಿಂಗ್ ಮಾಡುತ್ತಿದ್ದೆ ಎಂದರೆ ಈಗಲೂ ಜನ ನಗುತ್ತಾರೆ. ನಗಲಿ. ಮಾಲೊಂದರೊಳಗಿನ ಪುಟ್ಟ ರಿಂಕ್‌ನಲ್ಲಿ ಬೆಳಿಗ್ಗೆ ಐದರಿಂದ ಆರೂವರೆಯವರೆಗೆ ಏಳೆಂಟು ಜನ ಅಭ್ಯಾಸ ಮಾಡುತ್ತಿದ್ದೆವು. ದೊಡ್ಡ ಐಸ್ ಬೇಕೆಂದರೆ ಉತ್ತರದ ಹಿಮದ ಊರಿಗೆ ಕ್ಯಾಂಪಿಗೆ ಹೋಗಬೇಕು. ಸೆಕೆಂಡ್ ಪಿಯುವಿನಲ್ಲಿ ಹಾಗೆ ಹೋಗಿ ಬರುವಷ್ಟರಲ್ಲಿ ಆರು ಪ್ರಯೋಗಗಳು ತಪ್ಪಿದ್ದವು. ರೆಕಾರ್ಡ್ ಪುಸ್ತಕ ಪೂರ್ತಿಯಾಗದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ. "ಸ್ಕೇಟಿಂಗೋ ಸೈನ್ಸೋ, ಒಂದು ತೀರ್ಮಾನ ಮಾಡ್ಕೊಳ್ಳಮ್ಮ" ಎಂದು ಲೆಕ್ಚರರ್ ಕೈತೊಳೆದುಕೊಂಡರು. ನಾನು ಲ್ಯಾಬಿನ ಬಾಗಿಲಲ್ಲಿ ನಿಂತು ಅತ್ತೆ. ಲ್ಯಾಬಣ್ಣ ಒಳಗೆ ಬ್ಯೂರೆಟ್ ತೊಳೆಯುತ್ತಿದ್ದರು.

"ಅಳೋದು ಆಮೇಲೆ. ಬೆಳಿಗ್ಗೆ ಎಷ್ಟೊತ್ತಿಗೆ ಬರಕ್ಕಾಗತ್ತೆ, ಅದು ಹೇಳು."

"ಏಳೂಕಾಲಿಗೆ. ಪ್ಲೀಸ್ ಅಣ್ಣ, ಬೀಗ ತೆಗೀರಿ ಅಣ್ಣ."

"ಲೆಕ್ಚರರ್ ಇಲ್ದೆ ತೆಗೆಯೋ ಹಾಗಿಲ್ಲಮ್ಮ. ಗೊತ್ತಾದ್ರೆ ನನ್ ಕೆಲ್ಸ ಹೋಗತ್ತೆ."

ಮರುದಿನ ಏಳೂಕಾಲಿಗೆ ಬೀಗ ತೆಗೆದಿತ್ತು.

ಅವರೇನೂ ದೇವರಂಥ ಮನುಷ್ಯರಲ್ಲ. ಸಿಡುಕರು. ಡಿಸ್ಟಿಲ್ಡ್ ವಾಟರ್ ಚೆಲ್ಲಿದರೆ ತಮ್ಮ ಮನೆಯ ತುಪ್ಪವೇ ಚೆಲ್ಲಿದ ಹಾಗೆ ಆಡುತ್ತಿದ್ದರು. ಆದರೆ ನನಗೋಸ್ಕರ ಸುದ್ದಗುಂಟೆಪಾಳ್ಯದಿಂದ ಎರಡು ಗಂಟೆ ಮುಂಚೆಯೇ ಬಂದು, "ಬಂದ್ಳಪ್ಪ ಐಸಮ್ಮ" ಎಂದು ರೇಗಿಸಿ, ಬೀಕರಿನಲ್ಲಿ ಬೆಚ್ಚಗಿನ ನೀರು ಇಡುತ್ತಿದ್ದರು. ತಿರುವಿನಲ್ಲಿ ಐಸಿಗೆ ಬೆರಳೂರಿ ಓಡುವ ಆಟ ನಮ್ಮದು. ಗ್ಲೌಸ್ ನೆನೆದು, ಡಿಸೆಂಬರಿನ ಗಾಳಿಯಲ್ಲಿ ಕಾಲೇಜು ಸೇರುವ ಹೊತ್ತಿಗೆ ನನ್ನ ಬೆರಳುಗಳು ನನ್ನವಾಗಿರುತ್ತಿರಲಿಲ್ಲ. ಅವನ್ನು ನೀರಿನಲ್ಲಿ ಅದ್ದಿ ಕೂತಾಗ ಅವರ ಪ್ರಶ್ನೆಗಳು ಶುರುವಾಗುತ್ತಿದ್ದವು. "ನಿಮ್ ಐಸು ಫ್ರಿಜ್ಜಲ್ಲಿರೋದಕ್ಕಿಂತ ಗಟ್ಟೀನಾ?"

ಪರ್ಮಾಂಗನೇಟ್ ಪ್ರಯೋಗದಲ್ಲಿ ಫ್ಲಾಸ್ಕನ್ನು ಬಿಸಿ ಮಾಡಿ, ಅದರ ಕತ್ತು ಮುಟ್ಟಿ ನೋಡಿ, ಕೈ ತಡೆಯದಷ್ಟಾದಾಗ ಇಳಿಸಬೇಕು. ಬಿಸಿ ಸಾಲದಿದ್ದರೆ ಗುಲಾಬಿ ಬರಬೇಕಾದಲ್ಲಿ ಕಂದು ಬಂದು ಎಲ್ಲ ಕೆಡುತ್ತದೆ. ನೀರಿನಲ್ಲಿ ಅದ್ದಿದ ಮೇಲೂ ನನ್ನ ಮರಗಟ್ಟಿದ ಬೆರಳಿಗೆ ಯಾವ ಬಿಸಿಯೂ ತಿಳಿಯುತ್ತಿರಲಿಲ್ಲ. ಮೂರು ಸಲ ಕೆಡಿಸಿದ ಮೇಲೆ ಅವರು ತಮ್ಮ ಕಪ್ಪು ಬೆರಳನ್ನು ಫ್ಲಾಸ್ಕಿಗೆ ಇಟ್ಟರು. "ಬಿಸಿ ನಾನು ನೋಡ್ತೀನಿ. ನೀನು ಬಣ್ಣ ನೋಡು."

ಹೀಗೆ ಐದು ಪ್ರಯೋಗ ಮುಗಿದವು. ಆರನೆಯ ಪ್ರಯೋಗದ ದಿನ ಅವರು ನೀರು ತರಲು ಆಚೆ ಹೋಗಿದ್ದಾಗ, ನಾನು ಅವಸರಕ್ಕೆ ಉರಿಯ ಮೇಲಿದ್ದ ಫ್ಲಾಸ್ಕನ್ನು ಅಂಗೈ ತುಂಬ ಹಿಡಿದು ಇಳಿಸಿದೆ. ಏನೂ ಅನಿಸಲಿಲ್ಲ. ಅಂಗೈ ಕೆಂಪಾದದ್ದನ್ನು ನೋಡಿದವರು ಅವರೇ. ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಹಿಡಿದರು. "ನಾನು ನೋಡ್ತೀನಿ ಅಂದಿದ್ನಲ್ಲೇ!" ಅವರು ನನ್ನ ಮೇಲೆ ಕೂಗಿದ್ದು ಅದೊಂದೇ ಸಲ.

ಸಂಜೆಗೆ ಬೊಕ್ಕೆ ಎದ್ದಿತು. ಲ್ಯಾಬ್ ತೆಗೆದದ್ದು ಯಾರು ಎಂದು ಅಪ್ಪ ಕೇಳಿದರು. ಮುಂದಿನ ವಾರ ಆಯ್ಕೆಯ ಕ್ಯಾಂಪ್, ಟಿಕೆಟ್ ಆಗಿತ್ತು. ನಾನೇ ಕಾಡಿಬೇಡಿ ತೆಗೆಸಿದೆ ಎಂದರೆ ಕ್ಯಾಂಪ್ ನಿಂತುಹೋಗುತ್ತದೆ ಎಂದು ಹೆದರಿದೆ. "ಅಟೆಂಡರೇ ಬಾ ಅಂದಿದ್ರು" ಎಂದುಬಿಟ್ಟೆ. ಅಪ್ಪ ಕಾಲೇಜಿಗೆ ಹೋಗಿ ಕೂಗಾಡಿದರು. ಮರುದಿನ ಮಧ್ಯಾಹ್ನದೊಳಗೆ ಪ್ರಿನ್ಸಿಪಾಲರು ಬೀಗದಕೈ ಕಸಿದುಕೊಂಡು ಅವರನ್ನು ಮನೆಗೆ ಕಳಿಸಿದ್ದರು.

ನಾನು ಹೊರಡುವ ಮುನ್ನಾದಿನ ಅವರ ಫೋನ್ ಬಂತು. "ಕೈ ಹೇಗಿದೆ ಐಸಮ್ಮ? ಹೋಗಿ ಬಾ, ಚೆನ್ನಾಗಿ ಓಡು. ಬಂದ್ಮೇಲೆ ಪ್ರಿನ್ಸಿಪಾಲರ ಹತ್ರ, ಬೀಗ ತೆಗೀರಿ ಅಂತ ನಾನೇ ಕೇಳ್ಕೊಂಡಿದ್ದೆ ಅಂತ ನೀನು ಒಂದು ಮಾತು ಹೇಳು, ಸಾಕು. ಅವ್ರು ಒಪ್ಕೋತಾರೆ."

"ಹೇಳ್ತೀನಿ ಅಣ್ಣ."

ಆಯ್ಕೆಯ ಓಟದಲ್ಲಿ ಎರಡನೇ ತಿರುವಿಗೇ ಬಿದ್ದೆ. ತಂಡದಲ್ಲಿ ಹೆಸರು ಬರಲಿಲ್ಲ. ವಾಪಸು ಬಂದಾಗ ಪ್ರಾಕ್ಟಿಕಲ್‌ಗೆ ನಾಲ್ಕೇ ದಿನ. ಉಳಿದಿದ್ದ ಆರನೆಯ ಪ್ರಯೋಗವನ್ನು ಲೆಕ್ಚರರ್ ಎದುರು ಮಾಡಿ ರೆಕಾರ್ಡ್ ಮುಗಿಸಿದೆ. ಹಾಲ್ ಟಿಕೆಟ್‌ಗೆ ಪ್ರಿನ್ಸಿಪಾಲರ ಸಹಿ ಬೇಕಿತ್ತು. ಒಳಗೆ ಹೋದೆ, ಸಹಿ ಹಾಕಿಸಿಕೊಂಡೆ, ಥ್ಯಾಂಕ್ಯೂ ಸಾರ್ ಎಂದು ಹೊರಗೆ ಬಂದೆ. ಪರೀಕ್ಷೆ ಮುಗಿಯಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಆಮೇಲೆ ರಿಸಲ್ಟ್ ಬರಲಿ ಅಂದುಕೊಂಡೆ. ಹೇಳಲಿಲ್ಲ. ಪರೀಕ್ಷೆಯಲ್ಲಿ ಅದೇ ಪರ್ಮಾಂಗನೇಟ್ ಬಂದಿತ್ತು, ಪೂರ್ತಿ ಅಂಕವೂ ಬಂತು. ಅಷ್ಟು ಅಸಹ್ಯವಾದದ್ದನ್ನು ನಾನು ಜೀವನದಲ್ಲಿ ಬೇರೇನೂ ಗಳಿಸಿಲ್ಲ.

ಆ ವರ್ಷವೇ ಸ್ಕೇಟಿಂಗ್ ಬಿಟ್ಟೆ. ಒಮ್ಮೆ ಸಾರಕ್ಕಿ ಸಿಗ್ನಲ್‌ನಲ್ಲಿ ಬಸ್ಸು ನಿಂತಾಗ ಅಪಾರ್ಟ್‌ಮೆಂಟ್ ಒಂದರ ಗೇಟಿನಲ್ಲಿ ವಾಚ್‌ಮನ್ ಬಟ್ಟೆಯಲ್ಲಿ ಅವರನ್ನು ಕಂಡೆ. ತಲೆ ತಗ್ಗಿಸಿ ಕೂತೆ.

ಹೋದ ತಿಂಗಳು, ಅವರು ತೀರಿಕೊಂಡರೆಂದು ಹಳೆಯ ಸಹಪಾಠಿಯಿಂದ ತಿಳಿಯಿತು. ಸುದ್ದಗುಂಟೆಪಾಳ್ಯದ ಮನೆ ಹುಡುಕಿಕೊಂಡು ಹೋದೆ. ಅವರ ಹೆಂಡತಿ ನನ್ನನ್ನು ಕೂರಿಸಿ ಕಾಫಿ ತಂದರು.

"ನೀವೇನಾ ಐಸಮ್ಮ? ನೀವು ಬಂದು ಹೇಳ್ತೀರ ಅಂತ ಒಂದಷ್ಟು ದಿನ ಕಾದ್ರು. ಆಮೇಲೆ ಅವ್ರೇ ಅಂದ್ರು, ಬಿಡು, ಪಾಪ ಆ ಮಗೂಗೆ ಪರೀಕ್ಷೆ ಇತ್ತು ಅಂತ." ಗೋಡೆಯ ಫೋಟೋದ ಕಡೆ ನೋಡಿ, "ಟೀವೀಲಿ ಐಸಿನ ಆಟ ಬಂದಾಗೆಲ್ಲ ನಿಮ್ಮನ್ನೇ ಹುಡುಕ್ತಿದ್ರು. ಇನ್ನೂ ಆಡ್ತೀರಾಮ್ಮ?"

ಕಾಫಿಯನ್ನು ಕೈಗೆತ್ತಿಕೊಂಡೆ. ಸ್ಟೀಲ್ ಲೋಟ ಸುಡುತ್ತಿತ್ತು. ಬದಲಾಯಿಸಿ ಹಿಡಿದರೂ ತಡೆಯಲಾಗಲಿಲ್ಲ, ನೆಲಕ್ಕಿಟ್ಟೆ. ಈಗ ನನ್ನ ಬೆರಳುಗಳಿಗೆ ಬಿಸಿ ಚೆನ್ನಾಗಿ ಗೊತ್ತಾಗುತ್ತದೆ.