ಅಪ್ಪ ಕಟ್ಟಿಸಿದ ಬೆಂಗ್ರೆಯ ಬೇಸಗೆಮನೆ

ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಎಪ್ರಿಲ್ ಬಂತೆಂದರೆ ಮಂಗಳೂರಿನ ಉಳ್ಳವರು ಪೇಟೆಯ ಸೆಕೆಗೆ ಬೆನ್ನು ಹಾಕಿ ಕಡಲ ಗಾಳಿ ಹುಡುಕಿಕೊಂಡು ಹೋಗುತ್ತಿದ್ದ ಕಾಲವದು. ನಾವೂ ಬಂದರಿನಲ್ಲಿ ದೋಣಿ ಹತ್ತಿ, ಹೊಳೆ ದಾಟಿ, ಹೊಳೆಗೂ ಕಡಲಿಗೂ ನಡುವಿನ ಮರಳದಿಣ್ಣೆ ಬೆಂಗ್ರೆಗೆ ಹೋಗುತ್ತಿದ್ದೆವು. ಉಪ್ಪಿನಕಾಯಿ ಭರಣಿಯನ್ನು ಮಡಿಲಲ್ಲಿ ಹಿಡಿದು ಅಲುಗಾಡದೆ ಕೂರುವುದು ನನ್ನ ಕೆಲಸ.

ಅಲ್ಲಿ ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆಯಿತ್ತು. ಅದರ ಕತೆ ನಮಗೆಲ್ಲ ಬಾಯಿಪಾಠ. ಮುರಕಲ್ಲು ದೋಣಿಯಲ್ಲಿ ಬಂದದ್ದು, ಗೋಡೆಗೆ ಚಿಪ್ಪಿ ಸುಟ್ಟ ಸುಣ್ಣ, ಮಾಡಿಗೆ ಕೆಂಪು ಹೆಂಚು, ನಡುನಡುವೆ ನಾಲ್ಕು ಗಾಜಿನ ಹೆಂಚು. ಪಡುವಣಕ್ಕೆ ಉದ್ದದ ಜಗಲಿ, ಅದಕ್ಕೆ ಮರದ ಪಟ್ಟಿಗಳ ಜಾಲರಿ, ಮೇಲೆ ಒಂದೇ ಕೋಣೆಯ ಉಪ್ಪರಿಗೆ. ಕಡಲಿಗೆ ಮುಖ ಮಾಡಿ ಮನೆ ಕಟ್ಟುವವರುಂಟೇ ಎಂದು ಮೇಸ್ತ್ರಿ ಮೂರು ದಿನ ಮುನಿಸಿಕೊಂಡು ಕೂತಿದ್ದನಂತೆ. ಅವನ ಮಾತೇನೂ ಸುಳ್ಳಾಗಲಿಲ್ಲ. ಉಪ್ಪುಗಾಳಿಗೆ ವರ್ಷವರ್ಷವೂ ಬಾಗಿಲುಗಳ ಬಿಜಾಗರಿ ತುಕ್ಕು ಹಿಡಿಯುತ್ತಿತ್ತು. ಅಪ್ಪ ಮಾತ್ರ ಅದನ್ನು ಒಪ್ಪಿಕೊಂಡದ್ದೇ ಇಲ್ಲ.

ನನಗೆ ಒಂಬತ್ತಾದ ಬೇಸಗೆಯಲ್ಲಿ ಅಪ್ಪನಿಗೆ ಕೆಮ್ಮು ಹಿಡಿಯಿತು. ಕಡಲ ಗಾಳಿ ಒಳ್ಳೆಯದೆಂದು ವೈದ್ಯರು ಹೇಳಿದ್ದರಿಂದ ಆ ಸಲ ಬೇಗನೇ ಹೋದೆವು. ನಾನು ಮರಳಲ್ಲಿ ಏಡಿ ಅಟ್ಟಿಸಿಕೊಂಡು, ಒಣಮೀನಿನ ವಾಸನೆ ಮೈಗೆ ಹಚ್ಚಿಕೊಂಡು ಬರುವಾಗ ಅಪ್ಪ ಜಗಲಿಯ ಆರಾಮ ಕುರ್ಚಿಯಲ್ಲಿ ಕಣ್ಣುಮುಚ್ಚಿ ಮಲಗಿರುತ್ತಿದ್ದರು. ಒಂದು ಮಧ್ಯಾಹ್ನ ಅಮ್ಮ ಗಂಜಿ ಕುಡಿಸುತ್ತಾ ಕೇಳಿದರು.

"ಮಕ್ಕಳ ಹೆಸರಿಗೆ ಒಂದು ಕಾಗದ ಬರೆದಿಡಿ. ಈ ಮನೆಯೊಂದು ಸಾಕು."

ನಮ್ಮದು ಅಳಿಯಸಂತಾನದ ಕಟ್ಟು. ಗಂಡಸಿನ ಆಸ್ತಿ ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ತಾನೇ ದುಡಿದು ಮಾಡಿದ್ದನ್ನು ಬದುಕಿರುವಾಗ ಬರೆದುಕೊಡಬಹುದಿತ್ತು, ಅಷ್ಟೆ.

"ನಾನು ಉಂಡು ಬೆಳೆದದ್ದು ಸೋದರಮಾವನ ಮನೆಯಲ್ಲಿ. ಅವರ ಮಕ್ಕಳು ಒಂದು ಮಾತು ಆಡಿದ್ದುಂಟಾ? ಈಗ ನಾನು ಅಕ್ಕನ ಮುಖ ಹೇಗೆ ನೋಡುವುದು?"

"ಅದು ಬೇರೆ. ಇದು ನೀವು ಕಟ್ಟಿಸಿದ್ದು."

"ನಿನ್ನ ಮಕ್ಕಳಿಗೆ ಬಲ್ಮಠದಲ್ಲಿ ನಿನ್ನ ಅಣ್ಣನ ಮನೆ ಉಂಟಲ್ಲ ಮಾರಾಯ್ತಿ."

ನಾನು ಬಾಗಿಲ ಮರೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡೆ. ಸಂಜೆ ಕಾಗದ, ಟಾಕು, ಶಾಯಿ ತಂದು ಅಪ್ಪನ ಮುಂದಿಟ್ಟೆ. "ಒಂದು ಕಾಗದ ಅಲ್ವಾ ಅಪ್ಪ, ಕೊಡಿ," ಎಂದೆ. ಅವರು ನಕ್ಕರು, ನಗು ಕೆಮ್ಮಾಯಿತು. ಆಮೇಲೆ ನಿಧಾನವಾಗಿ ಜಗಲಿ, ಉಪ್ಪರಿಗೆ, ಜಾಲರಿ ಎಲ್ಲ ಸೇರಿಸಿ ಮನೆಯ ಚಿತ್ರ ಬಿಡಿಸಿ, ಕೆಳಗೆ ರುಜು ಹಾಕಿ ಕೊಟ್ಟರು. ಮನೆ ನಮ್ಮದಾಯಿತೆಂದು ನಂಬಿ ಅದನ್ನು ಅಮ್ಮನ ಸೀರೆಯ ಪೆಟ್ಟಿಗೆಯ ಅಡಿಯಲ್ಲಿಟ್ಟೆ.

ಅಪ್ಪ ಆಟಿ ತಿಂಗಳ ಮಳೆಯಲ್ಲಿ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಅವರ ಅಕ್ಕನ ಮಗ ಬೆಂಗ್ರೆಯ ಬೀಗದ ಕೈಗೆ ಬಂದ. ನಾನು ಓಡಿಹೋಗಿ ಕಾಗದ ತಂದು ಅವನ ಮುಂದೆ ಹಿಡಿದೆ.

"ನೋಡಿ ಭಾವ, ಅಪ್ಪ ನಮಗೆ ಕೊಟ್ಟಿದ್ದಾರೆ."

ಆತ ಕೆಟ್ಟವನಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿದ, ನೋಡಿದ, "ಚಂದ ಉಂಟು," ಎಂದು ಹಾಗೇ ಮಡಚಿ ನನ್ನ ಕೈಗಿತ್ತ. ಅಮ್ಮ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ಕೊಟ್ಟರು. ಆ ದಿನದ ನಾಚಿಕೆ, ಸಿಟ್ಟು ನನ್ನಲ್ಲಿ ಇವತ್ತಿಗೂ ಆರಿಲ್ಲ.

ಐದು ವರ್ಷಕ್ಕೆ ಬಲ್ಮಠದ ಮಾವ, ಅಮ್ಮನ ಅಣ್ಣ, ತೀರಿಕೊಂಡರು. ಅದೇ ಕಟ್ಟಿನ ಪ್ರಕಾರ ನಾವು ಆ ಮನೆಗೆ ಬಂದೆವು. ಮಾವನ ಹೆಂಡತಿ ಮೂವರು ಮಕ್ಕಳನ್ನು ಕಟ್ಟಿಕೊಂಡು ತನ್ನ ತಮ್ಮನಲ್ಲಿಗೆ ಹೊರಟರು. ಅವರ ದೊಡ್ಡ ಮಗಳು ನನ್ನನ್ನು ತನ್ನ ಕೋಣೆಗೆ ಕರೆದೊಯ್ದಳು.

"ಈ ಕಿಟಕಿ ಮಳೆಗೆ ಉಬ್ತದೆ. ಮೆಲ್ಲ ಎಳೀಬೇಕು, ಅಪ್ಪ ಹಾಗೇ ಎಳೀತಿದ್ದದ್ದು."

ನಾನು ಹೂಂ ಎಂದೆ. ಅವಳು ಹೇಳಿದ ಹಾಗೇ ಮೆಲ್ಲ ಎಳೆದು ನೋಡಿದೆ.

ಬೆಂಗ್ರೆಯ ಮನೆಯನ್ನು ಕಡಲು ತಿಂದು ಎಷ್ಟೋ ಕಾಲವಾಯಿತು. ಅಳಿಯಸಂತಾನದ ಆ ಕಟ್ಟೂ ಈಗ ಇಲ್ಲ. ನಾನು ಕಳೆದುಕೊಂಡ ಮನೆಯ ಕತೆಯನ್ನು ಜೀವಮಾನವಿಡೀ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಆ ಹುಡುಗಿಯ ಮನೆಯಲ್ಲಿ ಬೆಳೆದೆ ಎಂಬುದನ್ನು ಹೇಳುತ್ತಿರುವುದು ಇವತ್ತೇ.