ಮುಳುಗಿದ ಬಾವಿಕಟ್ಟೆಯ ಕೊರಮೀನು

ಕಳೆದ ಭಾನುವಾರ, ಬೆಳಿಗ್ಗೆ ಆರೂಕಾಲು. ಸಿಂಗಸಂದ್ರದ ನಮ್ಮ ಮನೆಯಿಂದ ಸ್ವಲ್ಪ ದೂರದ ಕೆರೆಯಲ್ಲಿ, ಮೀನು ಗುತ್ತಿಗೆದಾರರ ಒಪ್ಪಿಗೆ ಪಡೆದು, ಕೋಳಿಪುಕ್ಕ ಕಟ್ಟಿದ ಗಾಳ ಹಿಡಿದು ನಿಂತಿದ್ದೆ. ಪುಕ್ಕವನ್ನೇ ಹುಳುವೆಂದು ನಂಬಿ ಮೀನು ಕಚ್ಚಬೇಕು. ಹಿಂದಿನ ಐದು ಭಾನುವಾರ ಒಂದೂ ನಂಬಿರಲಿಲ್ಲ. ಏರಿಯ ಮೇಲೆ ಕೂತಿದ್ದ ಅಕ್ಕ ಹೇಳಿದಳು: "ಇವತ್ತೂ ಬರಿಗೈಲಿ ಬಂದ್ರೆ ಆ ಕೋಲನ್ನ ಹೀರೆಬಳ್ಳಿಗೆ ಊರ್ತೀನಿ ಕಣೋ."

ಈ ಸಲ ನಾನು ನಡುನೀರಿನ ಆಸೆ ಬಿಟ್ಟಿದ್ದೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಒಳಗೊಂದು ಹಳೆಯ ಬಾವಿಯ ಕಲ್ಲುಕಟ್ಟೆ ಕಂಡಿತ್ತು. ತೂಬಿನ ಹತ್ತಿರ ನಿಂತು ಆಚೆದಡದ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕಿನ ನೇರಕ್ಕೆ ಬೀಸಿದರೆ ಅದೇ ಜಾಗ. ಕಲ್ಲಿನ ಸಂದಿಯಲ್ಲಿ ಮರಿಮೀನು ಅಡಗಿದ್ದರೆ, ಅವನ್ನು ತಿನ್ನುವ ದೊಡ್ಡದು ಪಕ್ಕದಲ್ಲೇ ಹೊಂಚು ಹಾಕಿರಬೇಕು ಎಂಬುದು ನನ್ನ ಲೆಕ್ಕ.

ಮೂರನೇ ಸಲ ಬೀಸಿದಾಗ ದಾರ ಬಿಗಿಯಿತು, ಕೋಲು ಬಾಗಿತು. ಅಕ್ಕ ಚಪ್ಪಲಿ ಬಿಟ್ಟು ಮೊಣಕಾಲುದ್ದ ನೀರಿಗೆ ಇಳಿದೇಬಿಟ್ಟಳು. "ಎಳೀಬೇಡ್ವೋ, ಸಡಿಲ ಬಿಡು, ಕಿತ್ಕೊಂಡೋಗತ್ತೆ!" ಎಂದು ನನಗೇ ಪಾಠ. ದಡಕ್ಕೆ ಬಂದ ಮೊಳದುದ್ದದ ಕೊರಮೀನನ್ನು ತನ್ನ ದುಪಟ್ಟಾದಲ್ಲೇ ಬಾಚಿಕೊಂಡಳು. ಕೆಸರಾದ ಮುಖದಲ್ಲಿ ನಕ್ಕಿದ್ದೂ ನಕ್ಕಿದ್ದೇ. ವಾಕಿಂಗ್ ಬಂದವರೆಲ್ಲ ನಿಂತು ಚಪ್ಪಾಳೆ ತಟ್ಟಿದರು.

ಈಗ ಯಾವ ಕೆರೆ ಕಂಡರೂ ಅದರಡಿ ಏನಿರಬಹುದೆಂದು ಯೋಚಿಸುತ್ತೇನೆ. ಎಲೆಕ್ಟ್ರಾನಿಕ್ ಸಿಟಿ ಸುತ್ತಿನ ಕೆರೆಗಳೊಳಗೆ ಇಂಥ ಬಾವಿ, ಕಟ್ಟೆ, ಹಳೆಯ ದಾರಿ ಮುಳುಗಿರುವುದು ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಅಕ್ಕ ಆಗಲೇ ಬರುವ ಭಾನುವಾರಗಳನ್ನೆಲ್ಲ ಬಿಡುವು ಮಾಡಿಕೊಂಡಿದ್ದಾಳೆ.