ಓಡಿದರೂ ಇಳಿಯದ ತೂಕ

ಎರಡನೇ ಹೆರಿಗೆಯ ನಂತರ ನಾನು ತುಂಬಾ ದಪ್ಪಗಾಗಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳವು. ಕೆ. ಹೊಸಕೋಟೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಗಂಡ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದರು. ಸಕಲೇಶಪುರದ ಡಾಕ್ಟರು ನನ್ನ ಬಿ.ಪಿ. ನೋಡಿ, "ಮಾತ್ರೆ ಆಮೇಲೆ ನೋಡೋಣ. ಮೊದಲು ತೂಕ ಇಳಿಸಿ. ಬೆಳಿಗ್ಗೆ ಓಡಿ," ಅಂದರು.

ನಮ್ಮ ಕಡೆ ಹೆಂಗಸರು ಓಡುವುದನ್ನು ಯಾರೂ ಕಂಡಿರಲಿಲ್ಲ. ಗಂಡನ ಹಳೇ ಪ್ಯಾಂಟು, ಸ್ವೆಟರು, ಕ್ಯಾನ್ವಾಸ್ ಶೂ ಹಾಕಿಕೊಂಡು ಮೊದಲ ದಿನ ಕೂಲಿ ಲೈನಿನ ಮನೆಗಳ ಮುಂದೆ ಓಡಿದಾಗ, ನೀರು ತರುತ್ತಿದ್ದ ಹೆಂಗಸರು ಕೊಡ ಕೆಳಗಿಟ್ಟರು. ಒಬ್ಬಳು ತಾನೂ ಓಡಲು ಸೀರೆ ಎತ್ತಿ ಹಿಡಿದು, "ಏನ್ರಮ್ಮ, ಆನೆ ಬಂದೈತಾ?" ಅಂತ ಕೂಗಿದಳು.

"ಆನೆ ಇಲ್ಲ ಕಣೇ. ಡಾಕ್ಟರು ಓಡು ಅಂದಿದಾರೆ."

ಎಲ್ಲರೂ ನಕ್ಕರು. ನನಗೆ ಅಳು ಬಂತು. ಆದರೂ ಗೇಟಿನವರೆಗೆ ಹೋಗಿಯೇ ಬಂದೆ.

ಮೊದಮೊದಲು ತೂಕ ಚೆನ್ನಾಗಿ ಇಳಿಯಿತು. ಆಮೇಲೆ ನಿಂತೇಹೋಯಿತು. ಸ್ಟೋರಿನಲ್ಲಿ ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲೆ ಪ್ರತಿ ವಾರ ನಿಂತು ನೋಡುತ್ತಿದ್ದೆ, ಒಂದಿಷ್ಟೂ ವ್ಯತ್ಯಾಸವಿಲ್ಲ. ಹಟ ಹಿಡಿದು ಇನ್ನೂ ದೂರ ಓಡಿದೆ. ಮಂಡಿ ಊದಿಕೊಂಡಿತು.

ಡಾಕ್ಟರು ಮಂಡಿ ಒತ್ತಿ ನೋಡಿ ಬೈದರು. "ದಿನಾ ಅದೇ ದಾರಿ, ಅದೇ ಓಟ. ಮೈಗೆ ಒಗ್ಗಿಹೋಗಿದೆ. ಒಂದು ದಿನ ಓಡಿ, ಒಂದು ದಿನ ಗುಡ್ಡ ಹತ್ತಿ, ಸೈಕಲ್ ತುಳೀರಿ, ಈಜಿ. ಬದಲಾಯಿಸ್ತಾ ಇರಿ."

ಗಂಡನ ಸೈಕಲ್ ಇತ್ತು, ಗುಡ್ಡಗಳಂತೂ ಸುತ್ತಲೂ ಇದ್ದವು. ಈಜು ಮಾತ್ರ ಗೊತ್ತಿರಲಿಲ್ಲ. ಸಂಜೆ ಮನೆಯಲ್ಲಿ ಹೇಳಿದಾಗ ಗಂಡ ನಕ್ಕುಬಿಟ್ಟರು. ಮೀನು ಹೆಚ್ಚುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. ನನ್ನ ಓಟ ಅವರಿಗೆ ಮೊದಲಿಂದಲೂ ಹಿಡಿಸಿರಲಿಲ್ಲ.

ಆ ಭಾನುವಾರ ಇಗರ್ಜಿಯಿಂದ ಬಂದವರೇ ಅತ್ತೆ, "ಹಳೇ ಸೀರೆ ಉಟ್ಕೊ. ಕೆರೆಗೆ ಹೋಗೋಣ," ಅಂದರು.

ತೋಟದ ಕೆಳಗಿನ ಕೆರೆ. ಅತ್ತೆ ಸೆರಗು ಬಿಗಿದು ನೀರಿಗಿಳಿದವರು, ನಾನು ನೋಡನೋಡುತ್ತಿದ್ದಂತೆ ಆಚೆ ದಡ ಮುಟ್ಟಿ ತಿರುಗಿ ಬಂದರು. ಮಂಗಳೂರಿನ ಹೊಳೆಬದಿಯಲ್ಲಿ ಬೆಳೆದವರು ಅಂತ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

"ಇಷ್ಟು ವರ್ಷ ಯಾಕೆ ಈಜಲಿಲ್ಲ?" ಅಂತ ಕೇಳಿದೆ.

"ನಿನ್ನ ಮಾವನಿಗೆ ಸರಿಬರ್ತಿರಲಿಲ್ಲ. ಆಮೇಲೆ ಬಿಟ್ಟೇಹೋಯ್ತು."

"ನಾನು ಓಡೋದು ನಿಮಗೂ ಸರಿಬರಲಿಲ್ಲವಲ್ಲ."

ಅತ್ತೆ ಮುಖದ ನೀರು ಒರೆಸಿಕೊಂಡರು. "ಹೊಟ್ಟೆಕಿಚ್ಚು ಅಂತ ಇಟ್ಕೊ. ಇಳಿ ಈಗ."

ನನ್ನ ಹೊಟ್ಟೆಯ ಕೆಳಗೆ ಕೈ ಕೊಟ್ಟು ತೇಲಿಸಿದರು. ನೀರು ಕುಡಿದೆ, ಕಿರುಚಿದೆ, ಅವರು ಬಿಡಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಅಡ್ಡಾದಿಡ್ಡಿಯಾಗಿಯಾದರೂ ಕೆರೆ ದಾಟುತ್ತಿದ್ದೆ.

ಓಟ, ಗುಡ್ಡ, ಸೈಕಲ್, ಕೆರೆ ಅಂತ ಬದಲಾಯಿಸುತ್ತಾ ಹೋದೆ. ತೂಕ ಮತ್ತೆ ನಿಧಾನವಾಗಿ ಇಳಿಯತೊಡಗಿತು. ಕಾಫಿ ಹಣ್ಣು ಕುಯ್ಯುವ ಹೊತ್ತಿಗೆ ಬಿ.ಪಿ. ಕೂಡ ಹತೋಟಿಗೆ ಬಂತು. ಮಂಡಿ ಮಾತ್ರ ಚಳಿಗೆ ಈಗಲೂ ನೋಯುತ್ತದೆ.

ನಾನು ಗುಡ್ಡ ಹತ್ತುವ ದಿನಗಳಲ್ಲೂ ಅತ್ತೆ ಕೆರೆಗೆ ಹೋಗುತ್ತಿದ್ದರು. "ಈ ವಯಸ್ಸಲ್ಲಿ ಅಮ್ಮಂಗೆ ಇದೆಲ್ಲ ಬೇಕಾ? ನೀನಾದ್ರೂ ಹೇಳು," ಅಂತ ಗಂಡ ನನ್ನ ಹತ್ತಿರ ಗೊಣಗಿದರು. ನೀವೇ ಹೇಳಿ ನೋಡಿ ಅಂದೆ. ಅವರಿಗೆ ಧೈರ್ಯ ಬರಲಿಲ್ಲ.